ನಾಗಾವಿಯ ಸರಸ್ವತೀಭಂಡಾರಿಗರು

ಪ್ರಾಚೀನ ಕರ್ಣಾಟಕದ ವಿದ್ಯಾಸ್ಥಾನಗಳನ್ನು ಕುರಿತು ಬರೆಯುವವರು ಅಧ್ಯಾಪಕರ ಪಾಂಡಿತ್ಯವನ್ನೂ ಛಾತ್ರರ ಸಂಖ್ಯೆಯನ್ನೂ ವರ್ಣಿಸುವರು. ಅಲ್ಲಿಯ ಗ್ರಂಥಗಳನ್ನು ಕಾಯುತ್ತಿದ್ದವರಾರೆಂದು ಕೇಳುವವರು ವಿರಳ. ಈ ಪ್ರಶ್ನೆಗೆ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯಿರುವ ನಾಗಾವಿಯ ಶಾಸನದಲ್ಲಿ ಉತ್ತರವುಂಟು.

ಕಲ್ಯಾಣ ಚಾಳುಕ್ಯರ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿ. ಶ. 1058ರಲ್ಲಿ, ದಂಡನಾಯಕ ಮಧುಸೂದನನು ಇಲ್ಲಿಯ ಘಟಿಕಾಸ್ಥಾನಕ್ಕೆ ಏರ್ಪಾಡುಮಾಡಿದನು. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 50 ಮಂದಿ ಛಾತ್ರರು; ವೇದೋಪಾಧ್ಯಾಯರು 3 ಮಂದಿ, ಶಾಸ್ತ್ರವ್ಯಾಖ್ಯಾತೃಗಳು 3 ಮಂದಿ. ಇವರೊಡನೆಯೇ 6 ಮಂದಿ ಸರಸ್ವತೀಭಂಡಾರಿಗರನ್ನು ಶಾಸನವು ಎಣಿಸಿ, ಅವರಿಗೂ ವೃತ್ತಿಯನ್ನು ಕಲ್ಪಿಸಿದೆ. ಬೋಧಿಸುವವರೆಷ್ಟೋ ಗ್ರಂಥಪಾಲಕರೂ ಅಷ್ಟೇ!

ಈ ಸಮಸಂಖ್ಯೆಯು ವಿಚಾರಾರ್ಹವಾದುದು. ವೇದವು ಮುಖಪರಂಪರೆಯಿಂದ ಬರತಕ್ಕುದು. ಆದುದರಿಂದ ಭಂಡಾರದ ಮುಖ್ಯೋಪಯೋಗವು ಆ 50 ಮಂದಿ ಶಾಸ್ತ್ರಚ್ಛಾತ್ರರಿಗೆಂದೇ ಊಹಿಸಬಹುದು. ಅಷ್ಟಕ್ಕೆ ಇಷ್ಟು ಮಂದಿ ಪಾಲಕರೇಕೆ? ಓಲೆಗ್ರಂಥವು ಇಟ್ಟಲ್ಲಿಯೇ ಬಾಳುವ ವಸ್ತುವಲ್ಲ. ಹುಳು, ತೇವ, ಬೆಂಕಿಗಳಿಂದ ಅದನ್ನು ಕಾಪಾಡಬೇಕು, ಎಣ್ಣೆ ಹಚ್ಚಬೇಕು, ಜೀರ್ಣವಾದುದನ್ನು ಪ್ರತಿಮಾಡಿ ಮೂಲದೊಡನೆ ತಾಳೆನೋಡಬೇಕು. ತಾಳೆನೋಡುವವನಿಗೆ ಶಾಸ್ತ್ರಪರಿಚಯವೂ ಅವಶ್ಯಕ. ಆದಕಾರಣ ಭಂಡಾರಿಗನು ಬರಿಯ ಬೀಗದಕೈ ಹಿಡಿದವನಲ್ಲವೆಂದೇ ನಮ್ಮ ಅಭಿಪ್ರಾಯ.

ಆ ಭಂಡಾರದ ಓಲೆಗಳು ನಮ್ಮವರೆಗೆ ಬಂದಿಲ್ಲ; ಅವನ್ನು ಕಾಯಲು ಮಾಡಿದ ಏರ್ಪಾಡು ಮಾತ್ರ ಕಲ್ಲಿನಲ್ಲಿ ಉಳಿದಿದೆ. ಪಾಲಕರ ಪರಂಪರೆಯು ಕಡಿದಮೇಲೆ ಓಲೆಗೆ ಆಯುಸ್ಸೆಲ್ಲಿಯದು? ದಾಖಲೆಗಳ ರಕ್ಷಣೆಗಾಗಿ ನಿಯಮಾವಳಿಗಳನ್ನು ರಚಿಸುವ ಇಂದಿನ ವಿಶ್ವವಿದ್ಯಾನಿಲಯಗಳು ಇದನ್ನು ಮನನಮಾಡತಕ್ಕುದು. ನಿಯಮವನ್ನು ಬರೆದರೆ ಸಾಲದು. ಅದನ್ನು ನಡೆಸತಕ್ಕವನಿಗೆ ವಿದ್ವತ್ಪಂಕ್ತಿಯಲ್ಲಿ ಸ್ಥಾನವೂ ಜೀವನಕ್ಕೆ ವೃತ್ತಿಯೂ ಇರಬೇಕು.