ತೊಗಲು, ಬಯಲು, ಬೆಳ್ಳಿತೆರೆ: ಮನುಷ್ಯರೂಪದ ಮೂರು ನೆಲೆಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿವೆ. ಅಖಂಡ ಬಳ್ಳಾರಿ ಸೀಮೆಯ ಜನಪದರು ರಾಮಾಯಣ, ಮಹಾಭಾರತಗಳ ಪಾತ್ರಗಳನ್ನು ಎರಡು ಬಗೆಯಲ್ಲಿ ಕಂಡಿದ್ದಾರೆ: ದೊಡ್ಡಾಟದಲ್ಲಿ ಜೀವಂತ ನಟನಾಗಿ, ತೊಗಲುಗೊಂಬೆಯಾಟದಲ್ಲಿ ಪರದೆಯ ಮೇಲಿನ ಬಣ್ಣದ ನೆರಳಾಗಿ. ಸಹಜ ಮನುಷ್ಯಪಾತ್ರವನ್ನು ನಟನೇ ಅಭಿನಯಿಸಬೇಕೇ, ಗಣಕಯಂತ್ರದಲ್ಲಿ ರೂಪಿಸಬಹುದೇ ಎಂಬ ಇಂದಿನ ಚಿತ್ರರಂಗದ ಪ್ರಶ್ನೆಗೆ ಈ ಎರಡು ಪರಂಪರೆಗಳು ಮುಖ್ಯ ಆಕರಗಳಾಗಿವೆ.

ಕಿಳ್ಳೇಕ್ಯಾತ ಸಮುದಾಯದ ಕಲಾವಿದರು ಹದಮಾಡಿದ ತೊಗಲನ್ನು ಕತ್ತರಿಸಿ, ರಂಧ್ರ ಕೊರೆದು, ಬಣ್ಣ ತುಂಬುತ್ತಾರೆ. ಅರಸನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು. ಇಲ್ಲಿ ಅಳತೆಯನ್ನು ನಿರ್ಧರಿಸುವುದು ದೇಹವಲ್ಲ, ಸ್ಥಾನಮಾನ. ಬಹುತೇಕ ಮುಖಗಳು ಒಂದು ಪಾರ್ಶ್ವವನ್ನಷ್ಟೇ ತೋರುತ್ತವೆ. ಮನುಷ್ಯನನ್ನು ಯಥಾವತ್ತಾಗಿ ಹೋಲುವುದು ಗೊಂಬೆಯ ಗುರಿಯಲ್ಲ. ಅದಕ್ಕೆ ಜೀವ ಬರುವುದು ಪರದೆಯ ಹಿಂದಿನ ಕೈಯಿಂದ, ಕುಟುಂಬದ ಗಂಡಸರ ಹಾಗೂ ಹೆಂಗಸರ ದನಿಯಿಂದ. ರಂಗಭೂಮಿಯಿಂದ ಈ ಕಲೆಗೆ ಬಂದ ಬೆಳಗಲ್ಲು ವೀರಣ್ಣನವರು (ನಿಧನ: 2023) ಗಾಂಧೀಜಿಯವರ ಬದುಕನ್ನೂ ತೊಗಲುಗೊಂಬೆಗಳಲ್ಲಿ ನಿರೂಪಿಸಿದ್ದು ಇದೇ ತತ್ತ್ವದ ಬಲದಿಂದ.

ದೊಡ್ಡಾಟದಲ್ಲಿ ಇದಕ್ಕೆ ವಿರುದ್ಧವಾದ ಚಲನೆ ಕಾಣುತ್ತದೆ. ಹಗಲು ಹೊಲದಲ್ಲಿ ದುಡಿದ ರೈತ ರಾತ್ರಿ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಧರಿಸಿ ತನ್ನ ನಿತ್ಯದ ಆಕಾರವನ್ನೇ ಮರೆಸುತ್ತಾನೆ. ಸಾರಥಿ ‘ತಾವು ಯಾರು?’ ಎಂದು ವಿಚಾರಿಸಿದ ಬಳಿಕವೇ ಅವನು ಪಾತ್ರವಾಗುತ್ತಾನೆ. ಗೊಂಬೆ ಮನುಷ್ಯನತ್ತ ಸರಿದರೆ, ಇಲ್ಲಿ ಮನುಷ್ಯನೇ ಗೊಂಬೆಯತ್ತ ಸರಿಯುತ್ತಾನೆ. ಎರಡೂ ಪ್ರಕಾರಗಳು ಯಥಾರ್ಥದ ಅನುಕರಣೆಯನ್ನು ಬಿಟ್ಟುಕೊಟ್ಟು ಜೀವಂತಿಕೆಯನ್ನು ಗಳಿಸಿವೆ.

ಗಣಕ ಚಲನಚಿತ್ರ ಹಿಡಿದದ್ದು ಅನುಕರಣೆಯ ದಾರಿ. ಆಕೃತಿಯೊಂದು ಮನುಷ್ಯನನ್ನು ಬಹುಮಟ್ಟಿಗೆ ಹೋಲಿದಾಗ ಉಳಿದ ಅಲ್ಪ ವ್ಯತ್ಯಾಸವೇ ನೋಡುವವರಲ್ಲಿ ಕಸಿವಿಸಿ ಹುಟ್ಟಿಸುತ್ತದೆಂದು ಜಪಾನಿನ ಮಸಾಹಿರೊ ಮೋರಿ 1970ರಲ್ಲಿಯೇ ಪ್ರತಿಪಾದಿಸಿದ್ದರು. 2004ರ ಹಾಲಿವುಡ್ ಚಿತ್ರ ‘ದಿ ಪೋಲಾರ್ ಎಕ್ಸ್‌ಪ್ರೆಸ್’ನ ಪಾತ್ರಗಳ ಕಣ್ಣುಗಳು ನಿರ್ಜೀವವೆಂಬ ಟೀಕೆಗೆ ಒಳಗಾದವು. ಆದರೂ ಆ ಚಿತ್ರದಲ್ಲಾಗಲಿ, 2014ರ ತಮಿಳಿನ ‘ಕೋಚಡೈಯಾನ್’ನಲ್ಲಾಗಲಿ ಪಾತ್ರಗಳ ಚಲನೆಗೆ ಆಧಾರವಾದದ್ದು ನಟರ ಅಭಿನಯವೇ. 2009ರಲ್ಲಿ ನಿಧನರಾದ ವಿಷ್ಣುವರ್ಧನ್ ಅವರನ್ನು 2016ರ ಕನ್ನಡ ಚಿತ್ರ ‘ನಾಗರಹಾವು’ವಿನಲ್ಲಿ ಮತ್ತೆ ತೆರೆಗೆ ತಂದಾಗಲೂ ಗಣಕದಲ್ಲಿ ರೂಪಿಸಿದ ಮುಖವನ್ನು ಹೊತ್ತದ್ದು ಬೇರೊಬ್ಬರ ದೇಹ.

ಆದ್ದರಿಂದ ಗಣಕವೋ ನಟನೋ ಎಂಬ ವಿಭಜನೆ ಪೂರ್ಣಸತ್ಯವಲ್ಲ. ತೊಗಲಿನ ಹಿಂದೆ ಕೈಯಿದ್ದಂತೆ ಗಣಕಮುಖದ ಹಿಂದೆಯೂ ದುಡಿಯುವ ದೇಹವಿದೆ. ಗೊಂಬೆಯ ಪಾತ್ರಗಳನ್ನು ಹೆಸರಿಸಿ ಸಂಗ್ರಹಿಸಿದ ನಾವು, ಅವುಗಳನ್ನು ಆಡಿಸಿದವರ ಹೆಸರುಗಳನ್ನು ಬಹುಮಟ್ಟಿಗೆ ದಾಖಲಿಸಲಿಲ್ಲ. ಆ ಮರೆವು ಹೊಸ ತೆರೆಯ ಹಿಂದೆಯೂ ಮರುಕಳಿಸದಂತೆ ನೋಡಿಕೊಳ್ಳುವುದು ಸಂಸ್ಕೃತಿ ಚರಿತ್ರೆಯ ಹೊಣೆಯಾಗಿದೆ.