ಜಾಲಪುಟವೂ ಕನ್ನಡದ ಒತ್ತಕ್ಷರವೂ

ವಾಲ್ವು ರೇಡಿಯೋಗಳ ಕಾಲವನ್ನು ಕಂಡ ಮನೆಗಳಲ್ಲಿ ಆ ಪೆಟ್ಟಿಗೆಯ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿರಬಹುದು. ಎರಡೋ ನಾಲ್ಕೋ ತಿರುಪುಗಳು, ಹಿಂದಿನಿಂದ ಬೆಳಕು ಬೀಳುವ ಒಂದು ಗಾಜಿನ ಫಲಕ, ಅದರ ಮೇಲೆ ಸರಿದಾಡುವ ಒಂದು ಮುಳ್ಳು. ಫಲಕದ ಮೇಲೆ ಅಚ್ಚಾಗಿದ್ದ ಊರುಗಳ ಹೆಸರುಗಳು ರೋಮನ್ ಲಿಪಿಯವು. ಆ ಲಿಪಿಯ ಒಂದಕ್ಷರವನ್ನೂ ಅರಿಯದ ಅಜ್ಜಿಯರು ಕೂಡ, ಮುಳ್ಳು ಎಲ್ಲಿ ನಿಂತರೆ ಬೆಳಗಿನ ಭಕ್ತಿಗೀತೆ ಬರುತ್ತದೆಂಬುದನ್ನು ಬಲ್ಲವರಾಗಿದ್ದರು. ಯಂತ್ರಕ್ಕೂ ಮನುಷ್ಯನಿಗೂ ನಡುವೆ ಇರುವ ಇಂತಹ ಮುಖವನ್ನೇ ಈಗಿನವರು ಇಂಟರ್‌ಫೇಸ್ ಎಂದು ಕರೆಯುತ್ತಾರೆ. ಗಣಕಯಂತ್ರಕ್ಕೂ, ಕೈಯಲ್ಲಿ ಹಿಡಿಯುವ ಫೋನಿಗೂ, ಅವುಗಳ ಗಾಜಿನ ಮೇಲೆ ತೆರೆದುಕೊಳ್ಳುವ ಜಾಲಪುಟಕ್ಕೂ ಇಂತಹ ಮುಖ ಉಂಟು. ಆ ಮುಖಕ್ಕೆ ಒಂದು ಚರಿತ್ರೆಯೂ ಉಂಟು. ಅದರಲ್ಲಿ ಕನ್ನಡದ ಪಾಲೆಷ್ಟು, ಪಡಿಪಾಟಲೆಷ್ಟು ಎಂಬುದನ್ನು ಇಲ್ಲಿ ಕೊಂಚ ವಿಚಾರ ಮಾಡೋಣ.

ಜಾಲಪುಟವೆಂಬುದು ನಿನ್ನೆ ಮೊನ್ನೆಯ ವಸ್ತು, ನಿಜ. ಆದರೆ ಬರಹವನ್ನೂ ಚಿತ್ರವನ್ನೂ ಒಂದೇ ಚೌಕಟ್ಟಿನಲ್ಲಿ ಹೊಂದಿಸಿ ನೋಡುವವನ ಕಣ್ಣನ್ನು ನಡೆಸುವ ಕಲೆ ಬಹಳ ಹಳೆಯದು. ಯಾದಗಿರಿಯ ಬಳಿಯ ನಮ್ಮ ಮುದನಾಳದಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದಷ್ಟು ದೂರದಲ್ಲಿ, ಭೀಮಾ ನದಿಯ ದಂಡೆಯಲ್ಲಿ, ಸನ್ನತಿಯ ನೆರೆಗೆ ಕನಗನಹಳ್ಳಿ ಇದೆ. ಅಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದು ತೆಗೆದ ಬೌದ್ಧ ಸ್ತೂಪದ ಶಿಲಾಫಲಕಗಳಲ್ಲಿ ಒಂದರ ಮೇಲೆ ರಾಜನೊಬ್ಬ ರಾಣಿಯೊಡನೆಯೂ ಪರಿವಾರದವರೊಡನೆಯೂ ನಿಂತಿದ್ದಾನೆ. ಇವನಾರು ಎಂದು ನೋಡುವವನು ತಡವರಿಸಬಾರದೆಂದು ಶಿಲ್ಪಿಯು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ, ‘ರಾಯ ಅಸೋಕ’ ಎಂದು ಹೆಸರು ಕೆತ್ತಿಟ್ಟಿದ್ದಾನೆ. ಚಿತ್ರಕ್ಕೆ ಎರಡೇ ಮಾತಿನ ತಲೆಬರಹ! ಇಂದಿನ ಜಾಲಪುಟದ ವಿನ್ಯಾಸಕಾರನು ಚಿತ್ರದ ಗುರುತಿನ ಜೊತೆಗೆ ಒಂದು ಮಾತನ್ನೂ ಬರೆಯಬೇಕೋ ಬೇಡವೋ ಎಂದು ಇನ್ನೂ ವಾದಿಸುತ್ತಿರುವಾಗ, ಆ ಶಿಲ್ಪಿ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಆ ವಾದವನ್ನು ಮುಗಿಸಿದ್ದನೆಂದು ನನಗೆ ತೋರುತ್ತದೆ. ಸುರಪುರದ ನಾಯಕರ ಕಾಲದ ಚಿತ್ರಕಲೆಯನ್ನೂ ಇಲ್ಲಿ ಹೇಳಬಹುದಿತ್ತು. ಅದು ಬೇರೆಯೇ ಒಂದು ಭಾಷಣಕ್ಕೆ ಸಾಲುವ ವಿಷಯ.

ಬರೆಯುವ ವಸ್ತುವು ಬರಹದ ರೂಪವನ್ನು ತಿದ್ದುತ್ತದೆ. ತಾಳೆಗರಿಯ ನಡುವೆ ದಾರ ಪೋಣಿಸಲು ತೂತು ಬೇಕು. ತೂತಿನ ಸುತ್ತ ಸ್ಥಳ ಬಿಡಬೇಕು. ಆದ್ದರಿಂದ ಸಾಲು ಮುರಿಯುತ್ತದೆ, ಪುಟಕ್ಕೆ ಅಂಕಣ ಬರುತ್ತದೆ. ಕಂಠದಿಂದ ನೇರ ಗೆರೆ ಎಳೆದರೆ ಗರಿ ಸೀಳುವುದೆಂಬ ಕಾರಣದಿಂದಲೇ ನಮ್ಮ ಅಕ್ಷರಗಳು ದುಂಡಗಾದುವೆಂದು ಹೇಳುವುದುಂಟು. ಈ ಮಾತನ್ನು ಪೂರ್ತಿಯಾಗಿ ಒಪ್ಪುವುದು ನನಗೆ ಕಷ್ಟ, ಏಕೆಂದರೆ ಕಲ್ಲಿನ ಶಾಸನಗಳಲ್ಲಿಯೂ ಅಕ್ಷರ ದುಂಡಗಾಗುತ್ತ ಬಂದಿರುವುದನ್ನು ಕಾಣುತ್ತೇವೆ. ಕನ್ನಡಿಗನ ಕೈಗೇ ದುಂಡು ಪ್ರಿಯವಾಗಿದ್ದಿರಬೇಕು.

ಅಚ್ಚಿನ ಯಂತ್ರ ಬಂದಾಗ ತೊಡಕು ಹೆಚ್ಚಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ವಾದರೋ ಮೊಳೆಗಳಿಂದ ಅಚ್ಚಾದುದಲ್ಲ; ಅದು ಕಲ್ಲಚ್ಚು. ಕೈಯಿಂದ ಬರೆದುದನ್ನು ಕಲ್ಲಿನ ಮೇಲೆ ಇಳಿಸಿ ಅದರಿಂದ ಪ್ರತಿ ತೆಗೆಯುವ ಕ್ರಮ. ಆ ಪತ್ರಿಕೆ ಮರು ವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾದಾಗ ಮೊಳೆಯ ಅಚ್ಚನ್ನು ಕಂಡಿತು. ಕಲ್ಲಚ್ಚಿನಲ್ಲಿ ಒಂದು ಸೌಕರ್ಯವಿತ್ತು: ಬರೆಯುವವನ ಕೈ ಎಲ್ಲಿ ಬೇಕಾದರೂ ಹರಿಯಬಹುದು, ಒತ್ತಕ್ಷರ ಎಷ್ಟು ಬೇಕಾದರೂ ಕೆಳಗಿಳಿಯಬಹುದು.

ನಮ್ಮ ಭಾಗದವರಿಗೆ ಇದು ಇನ್ನೊಂದು ದಾರಿಯಿಂದಲೂ ಪರಿಚಿತ. ಯಾದಗಿರಿ, ಶಹಾಪುರ, ಸುರಪುರಗಳು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದುವು. ಕಚೇರಿಯ ಭಾಷೆ ಉರ್ದು. ಉರ್ದುವಿನ ನಸ್ತಾಲಿಕ್ ಬರವಣಿಗೆ ಮೇಲಿನಿಂದ ಓರೆಯಾಗಿ ಕೆಳಗೆ ಜಾರುವಂಥದು. ಚೌಕ ಮೊಳೆಗಳಲ್ಲಿ ಅದನ್ನು ಸೆರೆಹಿಡಿಯುವುದು ದುಸ್ಸಾಧ್ಯ. ಆದ್ದರಿಂದ ಉರ್ದು ಪತ್ರಿಕೆಗಳನ್ನು ಕಾತಿಬರು ದಿನವೂ ಕೈಯಿಂದ ಬರೆಯುತ್ತಿದ್ದರು, ಅದು ಕಲ್ಲಚ್ಚಾಗುತ್ತಿತ್ತು. 1981ರಲ್ಲಿ ಮಿರ್ಜಾ ಅಹಮದ್ ಜಮೀಲರು ಸಾವಿರಾರು ಕೂಡಕ್ಷರಗಳನ್ನು ಕೈಯಿಂದ ಬರೆದು ಗಣಕಕ್ಕೆ ಒದಗಿಸಿದ ಮೇಲೆಯೇ ಆ ಲಿಪಿಗೆ ಯಂತ್ರದ ಬಾಗಿಲು ಸರಿಯಾಗಿ ತೆರೆಯಿತು. ಅಂದರೆ, ನೂರು ವರ್ಷಕ್ಕೂ ಮೇಲೆ ಉರ್ದುವಿನವರು ‘ಯಂತ್ರಕ್ಕೆ ಬೇಕಾದಂತೆ ಅಕ್ಷರವನ್ನು ಕತ್ತರಿಸೆವು’ ಎಂದು ಹಟ ಹಿಡಿದು ಕುಳಿತರು. ಕನ್ನಡದವರು ಹಾಗೆ ಕೂಡಲಿಲ್ಲ. ನಾವು ಮೊಳೆಗೆ ಒಗ್ಗಿಕೊಂಡೆವು.

ಒಗ್ಗಿಕೊಳ್ಳುವುದೇನೂ ಸುಲಭವಾಗಿರಲಿಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅವೇ ದೊಡ್ಡವು ಚಿಕ್ಕವು. ಕನ್ನಡಕ್ಕೆ ವರ್ಣಮಾಲೆಯ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತು. ಮೊಳೆ ಜೋಡಿಸುವವನ ಮುಂದಿನ ಪೆಟ್ಟಿಗೆಯಲ್ಲಿ ನೂರಾರು ಮನೆಗಳು. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಬೇರೆಯೇ ಎಡೆ ಬೇಕಾದುದರಿಂದ, ಸಾಲುಗಳನ್ನು ಬಿಡಿಯಾಗಿ ಕೂಡಿಸಬೇಕು. ಹಳೆಯ ಕನ್ನಡ ಪುಸ್ತಕಗಳ ಪುಟ ಉಸಿರಾಡುವಂತೆ ಕಾಣುವುದಕ್ಕೆ ಈ ಒತ್ತೇ ಕಾರಣ. ಬೆರಳಚ್ಚು ಯಂತ್ರಕ್ಕೆ ಕೀಲಿಗಳು ಇನ್ನೂ ಕಡಿಮೆ. ಅದರಲ್ಲಿ ಕೊಂಬು, ದೀರ್ಘ, ಒತ್ತುಗಳನ್ನು ಬಿಡಿಬಿಡಿಯಾಗಿ ಕುಟ್ಟಿ ಜೋಡಿಸಬೇಕಾಗಿತ್ತು. ಯಂತ್ರಕ್ಕೆ ಅನುಕೂಲವಾಗುವಂತೆ ಲಿಪಿಯನ್ನೇ ಸುಧಾರಿಸಬೇಕು, ಒತ್ತುಗಳನ್ನು ಮೇಲಕ್ಕೆತ್ತಿ ಸಾಲಿನಲ್ಲಿಯೇ ಬರೆಯಬೇಕು ಎಂಬ ಸಲಹೆಗಳು ಬಂದುದು ಇಂತಹ ತೊಡಕುಗಳಿಂದಲೇ. ಅವು ನಡೆಯದೆ ಹೋದದ್ದು ಕನ್ನಡದ ಪುಣ್ಯ.

ಗಣಕಯಂತ್ರವು ಈ ಗಂಟನ್ನು ಬಿಡಿಸಿದ ಬಗೆ ನನ್ನಂತಹ ವ್ಯಾಕರಣದ ಮೇಷ್ಟರಿಗೆ ಬಹಳ ಸಂತೋಷ ಕೊಟ್ಟ ಸಂಗತಿ. ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ನಾಡೋಜ ಕೆ. ಪಿ. ರಾವ್ ಅವರು, ಅಕ್ಷರದ ಆಕಾರವನ್ನು ಬಿಟ್ಟು ಅದರ ಧ್ವನಿಯನ್ನು ಹಿಡಿದರು. ವ್ಯಂಜನಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು ಕೀಲಿ, ಎರಡು ವ್ಯಂಜನಗಳನ್ನು ಕೂಡಿಸಲು ಇನ್ನೊಂದು ಕೀಲಿ. ‘ಕ’ ಒತ್ತಿ, ಕೂಡಿಸುವ ಕೀಲಿ ಒತ್ತಿ, ಮತ್ತೆ ‘ಕ’ ಒತ್ತಿದರೆ ‘ಕ್ಕ’ ಎಂದು ಯಂತ್ರವೇ ಒತ್ತನ್ನು ಕೆಳಗಿಳಿಸಿ ಬರೆಯುತ್ತದೆ. ಒಂದನೆಯ ತರಗತಿಯ ಮಗುವಿಗೆ ನಾವು ಹೇಳಿಕೊಡುವುದೂ ಇದೇ ಕ್ರಮದಲ್ಲಿಯೇ. ಕೇಶಿರಾಜನಿಂದ ಹಿಡಿದು ಬಂದ ವರ್ಣವಿಚಾರವು ಯಂತ್ರದೊಳಗೆ ಹೊಕ್ಕು ಕೆಲಸ ಮಾಡಿದುದನ್ನು ಕಂಡಾಗ ಪಂಡಿತ ಪರೀಕ್ಷೆಗೆ ಕುಳಿತು ಓದಿದ್ದು ವ್ಯರ್ಥವಾಗಲಿಲ್ಲವೆನಿಸಿತು.

ಇನ್ನು ಜಾಲಪುಟಕ್ಕೆ ಬರೋಣ. ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ 1989ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. ಮೊದಲ ಪುಟಗಳು ಬರಿಯ ಅಕ್ಷರದ ಸಾಲುಗಳು. 1993ರಲ್ಲಿ ಮೊಸಾಯಿಕ್ ಎಂಬ ಸಾಧನವು ಬರಹದ ನಡುವೆಯೇ ಚಿತ್ರವನ್ನು ತೋರಿಸಿದ ಮೇಲೆ ಅಲಂಕಾರದ ಹುಚ್ಚು ಹಿಡಿಯಿತು. ಓಡುವ ಸಾಲುಗಳು, ಮಿಣುಕುವ ‘ಹೊಸದು’ ಎಂಬ ಚೀಟಿ, ಕಣ್ಣು ಕುಕ್ಕುವ ಬಣ್ಣ. ಜಾತ್ರೆಯ ಬೆಂಡು ಬತ್ತಾಸಿನ ಅಂಗಡಿಯ ಹಾಗೆ! ಪುಟದ ತಿರುಳನ್ನೂ ಅದರ ಉಡುಗೆಯನ್ನೂ ಬೇರೆ ಮಾಡಿ ಬರೆಯುವ ಕ್ರಮ 1996ರಲ್ಲಿ ಗೊತ್ತುಪಾಡಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಡಾ. ಯು. ಬಿ. ಪವನಜರ ‘ವಿಶ್ವಕನ್ನಡ’ ಜಾಲಪತ್ರಿಕೆ ಹೊರಟಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದುವು.

ಆ ಕಾಲದ ಪಾಡನ್ನು ಮರೆಯಬಾರದು. ಒಬ್ಬೊಬ್ಬರ ಅಕ್ಷರಕ್ಕೆ ಒಂದೊಂದು ಸಂಕೇತ. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಕನ್ನಡದ ಬದಲು ಗ್ರೀಕೋ ಲ್ಯಾಟಿನ್ನೋ ಎನ್ನುವಂತಹ ಚಿಹ್ನೆಗಳು ರಾಶಿ ಬೀಳುತ್ತಿದ್ದುವು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯೆಂಬ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ 128 ಮನೆಗಳ ಎಡೆ ದೊರೆತಿತ್ತಾದರೂ, ಸಾಮಾನ್ಯ ಗಣಕದಲ್ಲಿ ಅದು ಕಣ್ಣಿಗೆ ಬಿದ್ದುದು 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ ಎಂಬ ಅಕ್ಷರದಿಂದ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಇತ್ತ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ನಾಡಿನ ಸುಮಾರು ಎರಡು ಕೋಟಿ ಪಹಣಿಗಳು ಕನ್ನಡದಲ್ಲಿಯೇ ಗಣಕಕ್ಕೆ ಸೇರಿದುವು. ನಮ್ಮ ಕಡೆಯ ರೈತನು ಗಣಕದಲ್ಲಿ ಕನ್ನಡವನ್ನು ಮೊದಲು ಕಂಡದ್ದು ಸಾಹಿತ್ಯದಲ್ಲಿ ಅಲ್ಲ, ತನ್ನ ಹೊಲದ ಉತಾರದಲ್ಲಿ.

ಅಂದಿನಿಂದ ಜಾಲಪುಟದ ಉಡುಗೆಯಲ್ಲಿ ಎರಡು ದೊಡ್ಡ ಬದಲಾವಣೆಗಳಾದುವು. 2007ರಲ್ಲಿ ಐಫೋನ್ ಬಂದಾಗ ಗಾಜಿನ ಮೇಲಿನ ಗುಂಡಿ ನಿಜವಾದ ಗುಂಡಿಯಂತೆ ಉಬ್ಬಿ ಹೊಳೆಯುತ್ತಿತ್ತು. ಟಿಪ್ಪಣಿ ಬರೆಯುವ ಪುಟ ಗೆರೆ ಎಳೆದ ಹಳದಿ ಕಾಗದದಂತಿತ್ತು. ಹೊಸಬನಿಗೆ ಇದು ಒಂದು ಕೈಮರ. 2010ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಫೋನಿನಲ್ಲಿ, 2013ರಲ್ಲಿ ಆಪಲ್ ಸಂಸ್ಥೆ ತನ್ನದರಲ್ಲಿ, ಈ ಉಬ್ಬನ್ನೂ ನೆರಳನ್ನೂ ಕಿತ್ತು ಹಾಕಿ ಎಲ್ಲವನ್ನೂ ಚಪ್ಪಟೆ ಮಾಡಿದುವು. ಗೂಗಲ್ ಸಂಸ್ಥೆ 2014ರಲ್ಲಿ ಸ್ವಲ್ಪ ನೆರಳನ್ನು ಮರಳಿ ತಂದಿತು. ಇನ್ನೊಂದು ಬದಲಾವಣೆ, ಒಂದೇ ಪುಟ ದೊಡ್ಡ ತೆರೆಗೂ ಅಂಗೈಯಗಲದ ತೆರೆಗೂ ತಾನಾಗಿ ಹೊಂದಿಕೊಳ್ಳುವುದು. 2010ರಲ್ಲಿ ಈಥನ್ ಮಾರ್ಕೋಟ್ ಇದಕ್ಕೊಂದು ಹೆಸರಿಟ್ಟರು. ಇಕ್ಕಟ್ಟಾದ ತೆರೆಯಲ್ಲಿ ಪಟ್ಟಿಯನ್ನೆಲ್ಲ ಅಡಗಿಸಿಡಲು ಒಂದರ ಕೆಳಗೊಂದು ಮೂರು ಅಡ್ಡಗೆರೆಗಳ ಗುರುತು ಎಲ್ಲ ಕಡೆಗೂ ಹಬ್ಬಿತು. ಅದು 1981ರ ಝೆರಾಕ್ಸ್ ಸ್ಟಾರ್ ಯಂತ್ರಕ್ಕಾಗಿ ನಾರ್ಮ್ ಕಾಕ್ಸ್ ಬರೆದುದು. ನಮ್ಮಲ್ಲಿ ಮೂರು ಅಡ್ಡಗೆರೆ ಎಂದರೆ ವಿಭೂತಿ. ಅದನ್ನು ಒತ್ತಿದರೆ ಪಟ್ಟಿ ತೆರೆಯುತ್ತದೆಂದು ಹೇಳಿಕೊಡದೆ ಯಾರಿಗೆ ಹೊಳೆದೀತು?

ಇದನ್ನು ಬರಿಯ ರುಚಿಯ ಮಾತೆಂದು ತಳ್ಳಿಹಾಕುವಂತಿಲ್ಲ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52, ರಾಜ್ಯದಲ್ಲಿಯೇ ಕಡೆಯದು. ವಿದ್ಯಾರ್ಥಿವೇತನ, ಪಹಣಿ, ಜಾತಿ ಆದಾಯದ ಪ್ರಮಾಣಪತ್ರ, ಎಲ್ಲಕ್ಕೂ ಈಗ ಜಾಲದಲ್ಲಿಯೇ ಅರ್ಜಿ. ನಿಧಾನವಾಗಿ ಕೂಡಿಸಿ ಓದುವ ತಾಯಿಯೊಬ್ಬಳು ಮಗಳ ಅರ್ಜಿಯ ಮುಂದೆ ಕುಳಿತಾಗ, ಯಾವುದು ಬರಿಯ ಬರಹ, ಯಾವುದು ಒತ್ತಬೇಕಾದ ಗುಂಡಿ ಎಂಬುದು ಚಪ್ಪಟೆ ಪುಟದಲ್ಲಿ ಅವಳಿಗೆ ತಿಳಿಯುವುದಿಲ್ಲ. ಕೊನೆಗೆ ಹಣ ಕೊಟ್ಟು ಬೇರೆಯವರಿಂದ ತುಂಬಿಸಬೇಕು. ಹೆಸರಿನ ಒಂದಕ್ಷರ ತಪ್ಪಿದರೂ ಅವಳಿಗೆ ಗೊತ್ತಾಗುವುದಿಲ್ಲ; ಗೊತ್ತಾಗುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಇಂತಹ ಎರಡು ಮೂರು ಪ್ರಸಂಗಗಳು ಪ್ರತಿ ವರ್ಷವೂ ನನ್ನ ತರಗತಿಯಲ್ಲಿಯೇ ನಡೆಯುತ್ತವೆ.

ಕನ್ನಡದ ವಿಶೇಷ ಸಂಕಟ ಇನ್ನೊಂದು. ಜಾಲಪುಟದ ಸಾಲಿನ ಎತ್ತರ, ಗುಂಡಿಯ ಎತ್ತರ ಇವನ್ನೆಲ್ಲ ರೋಮನ್ ಅಕ್ಷರಕ್ಕೆ ಅಳೆದು ಹೊಲಿದಿರುತ್ತಾರೆ. ಆ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಒತ್ತಕ್ಷರದ ಕಾಲು ಹೊರಗೆ ಉಳಿಯುತ್ತದೆ. ಪೆಟ್ಟಿಗೆಯ ಅಂಚು ಆ ಕಾಲನ್ನು ಕತ್ತರಿಸಿ ಬಿಡುತ್ತದೆ. ಕತ್ತೆಯ ಒತ್ತು ಹಾರಿದರೆ ಕತೆ, ಮಗ್ಗದ ಒತ್ತು ಹಾರಿದರೆ ಮಗ! ನಗೆಗೆ ಹೇಳಿದೆನಾದರೂ, ನೇಕಾರನೊಬ್ಬನು ‘ಮಗ್ಗ’ದ ಕೆಳಗೆ ತುಂಬಬೇಕಾದ ಸಂಖ್ಯೆಯನ್ನು ‘ಮಗ’ ಎಂದು ಓದಿ ತುಂಬಿದರೆ ಅದರ ಫಲ ನಗೆಯಲ್ಲ. ಹಳೆಯ ಅಚ್ಚುಕೂಟದವನು ಸೀಸದ ಪಟ್ಟಿ ಕೊಟ್ಟು ಸಾಲು ಬಿಡಿಸುತ್ತಿದ್ದನು, ಏಕೆಂದರೆ ಬಿಡಿಸದಿದ್ದರೆ ಮೊಳೆಯೇ ಕೂಡುತ್ತಿರಲಿಲ್ಲ. ಗಾಜಿನ ಮೇಲೆ ಅಂತಹ ತಡೆ ಇಲ್ಲ. ಕತ್ತರಿಸಿದರೂ ಪುಟ ಸುಮ್ಮನೆ ತೆರೆದುಕೊಳ್ಳುತ್ತದೆ. ಅಕ್ಷರದ ಎತ್ತರಕ್ಕೆ ಒಂದೂವರೆ ಪಟ್ಟಾದರೂ ಸಾಲಿಗೆ ಕೊಡದೆ ಕನ್ನಡ ಓದಲಾಗದೆಂಬುದು ನನ್ನ ಕಣ್ಣಿನ ಅನುಭವ. ಇನ್ನೂ ಸ್ವಲ್ಪ ಹೆಚ್ಚು ಕೊಟ್ಟರೆ ಮೇಲು.

ಇದರ ಜೊತೆಗೆ ಕನ್ನಡದ ಮಾತು ಉದ್ದ. ನಾಲ್ಕಕ್ಷರದ ಇಂಗ್ಲಿಷ್ ಪದಕ್ಕೆ ಅಳೆದ ಗುಂಡಿಯಲ್ಲಿ ‘ಮುಂದುವರಿಯಿರಿ’ ಹಿಡಿಯುವುದಿಲ್ಲ. ಹಿಡಿಯದಾಗ ಅಕ್ಷರವನ್ನು ಇರುವೆಯಷ್ಟು ಮಾಡುತ್ತಾರೆ, ಇಲ್ಲವೇ ಇಂಗ್ಲಿಷನ್ನೇ ಉಳಿಸಿ ಬಿಡುತ್ತಾರೆ. ‘ಮುಂದೆ’ ಎಂದರೆ ಸಾಲದೇ? ‘ಸಲ್ಲಿಸಿರಿ’ ಎನ್ನುವಲ್ಲಿ ‘ಕೊಡಿ’ ಎಂದರೆ ನಮ್ಮ ಕಡೆಯ ಎಲ್ಲರಿಗೂ ತಿಳಿಯುತ್ತದೆ. ಪಂಡಿತನಾದ ನಾನೇ ಹೀಗೆ ಹೇಳುವುದನ್ನು ಕೇಳಿ ಗೆಳೆಯರು ನಕ್ಕರು, ನಗಲಿ.

ಈಚೆಗೆ ಕನ್ನಡವನ್ನೇ ಮೊದಲಿಟ್ಟುಕೊಂಡು ಬರೆದ ಅಕ್ಷರಗಳು ಬರುತ್ತಿವೆಯೆಂಬುದು ಸಮಾಧಾನದ ಸಂಗತಿ. 2016ರ ‘ಬಲೂ ತಮ್ಮ’ ದಪ್ಪ ದುಂಡು ಅಕ್ಷರ, ಅಂಗಡಿಯ ಫಲಕಕ್ಕೆ ಹೇಳಿ ಮಾಡಿಸಿದಂಥದು. ‘ಹುಬ್ಬಳ್ಳಿ’, ‘ಬೆಣ್ಣೆ’ ಎಂಬ ಹೆಸರಿನವೂ ಇವೆ. ಇವನ್ನು ಯಾರು ಬೇಕಾದರೂ ದುಡ್ಡಿಲ್ಲದೆ ತೆಗೆದುಕೊಳ್ಳಬಹುದು. ಇನ್ನು ಉಳಿದುದು ಪರೀಕ್ಷೆ. ನಮ್ಮ ಶಾಲೆಯ ಗಣಕದ ಕೋಣೆಯಲ್ಲಿ ಮಕ್ಕಳಿಗೆ ನಾನು ಕೊಟ್ಟಿರುವ ಕೆಲಸ ಇಷ್ಟೇ: ಯಾವ ಜಾಲತಾಣವನ್ನು ತೆರೆದರೂ ಅದರ ಪೆಟ್ಟಿಗೆಯಲ್ಲಿ ಮೊದಲು ‘ಸ್ತ್ರೀ’, ‘ರಾಷ್ಟ್ರ’, ‘ವೈಶಿಷ್ಟ್ಯ’ ಎಂಬ ಮೂರು ಮಾತುಗಳನ್ನು ಬರೆದು ನೋಡಬೇಕು. ಒತ್ತಿನ ಕೆಳಗಿನ ಒತ್ತೂ ಪೂರ್ತಿಯಾಗಿ ಕಂಡರೆ ಅದರ ಹೆಸರನ್ನು ಗೋಡೆಯ ಮೇಲಿನ ಹಾಳೆಯ ಬಲಬದಿಗೆ ಬರೆಯಬೇಕು, ಕಾಣದಿದ್ದರೆ ಎಡಬದಿಗೆ. ಈಗ ಸದ್ಯಕ್ಕೆ ಎಡಬದಿಯೇ ಉದ್ದವಾಗಿದೆ.