ನಾಲ್ಕೂಕಾಲು ಇಂಚಿನ ಕುಳಿ

ಮಕ್ಕಳ ಆಟದಲ್ಲಿ ಒಂದು ಮಾತುಂಟು: ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ದೊಡ್ಡ ಹುಡುಗಿಯರು ಕುಂಟಬಿಲ್ಲೆ ಆಡುವಾಗ ಮೂರು ವರ್ಷದ ತಂಗಿ ಬಂದು ಲಂಗ ಜಗ್ಗಿ ಅಳತೊಡಗಿದರೆ ಅವಳನ್ನೂ ಸೇರಿಸಿಕೊಳ್ಳುತ್ತಾರೆ. ಅವಳು ಗೆರೆ ತುಳಿದರೂ ಔಟಿಲ್ಲ, ಮನೆ ಗೆದ್ದರೂ ಗೆದ್ದಂತಲ್ಲ. ಮಗುವಿಗೆ ಅದು ಗೊತ್ತಾಗುವುದಿಲ್ಲ. ಗೊತ್ತಾದ ದಿನ ಆಟ ಬಿಟ್ಟು ಮನೆಗೆ ಹೋಗುತ್ತದೆ. ಇತಿಹಾಸ ಕಲಿಸುತ್ತ ಬಂದ ನನಗೆ ಈ ಮಾತು ಎಲ್ಲೆಲ್ಲೋ ಎದುರಾಗಿದೆ. ಆದರೆ ಗಾಲ್ಫ್ ಎಂಬ ಶ್ರೀಮಂತರ ಆಟದ ಚರಿತ್ರೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಮತ್ತೆಲ್ಲೂ ಕಂಡಿಲ್ಲ.

ಸಾವಳಗಿಯಲ್ಲಿ ಕೂತು ಗಾಲ್ಫ್ ಬಗ್ಗೆ ಬರೆಯುವುದೇ ಒಂದು ತಮಾಷೆ. ಜಮಖಂಡಿ, ಮುಧೋಳದ ಕಡೆ ಆಟವೆಂದರೆ ಕುಸ್ತಿ, ಕಬಡ್ಡಿ, ಖೋ ಖೋ. ಎಕರೆಗಟ್ಟಲೆ ನೆಲಕ್ಕೆ ನೀರು ಬಿಟ್ಟು ಹುಲ್ಲು ಬೆಳೆಸಿ, ಆ ಹುಲ್ಲನ್ನು ದನಕ್ಕೂ ಹಾಕದೆ, ಅದರ ಮೇಲೆ ಚೆಂಡು ಹೊಡೆಯುತ್ತಾರೆಂದರೆ ಕಬ್ಬಿಗೆ ನೀರು ಸಾಲದ ನಮ್ಮ ರೈತರು ನಕ್ಕಾರು. ಆದರೂ ಆಟದ ತಿರುಳು ನಮಗೆ ತೀರ ಹೊಸದಲ್ಲ. ಕೋಲಿನಿಂದ ಚೆಂಡು ಹೊಡೆಯುತ್ತ ಹೋಗಿ ಕೊನೆಗೆ ನೆಲದಲ್ಲಿ ತೋಡಿದ ಕುಳಿಯೊಳಗೆ ಬೀಳಿಸಬೇಕು. ಇಂಥ 18 ಕುಳಿ. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದರು. ಚಿಣಿದಾಂಡು ಮತ್ತು ಗೋಲಿಯಾಟ ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಇದೇ ಆಗುತ್ತದೆ. ಗೋಲಿಯ ತಗ್ಗನ್ನು ನಮ್ಮ ಹುಡುಗರು ಹಿಮ್ಮಡಿ ಊರಿ ಗರಗರ ತಿರುಗಿ ಮಾಡುತ್ತಾರೆ. ಯಾರ ಹಿಮ್ಮಡಿಯೋ ಅವರ ಅಳತೆ. ಗಾಲ್ಫಿನ ಕುಳಿಗೆ ಮಾತ್ರ ಕಾಯ್ದೆ ಇದೆ. ಅಡ್ಡಳತೆ 4.25 ಇಂಚು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಮ್ಮ ಮನೆಯ ತಂಬಿಗೆಯ ಬಾಯಿಯಷ್ಟು ಎಂದುಕೊಳ್ಳಿ.

ಈ ನಾಲ್ಕೂಕಾಲು ಇಂಚು ಯಾವ ಶಾಸ್ತ್ರದಿಂದ ಬಂತು? ಯಾವ ಶಾಸ್ತ್ರದಿಂದಲೂ ಅಲ್ಲ. ಮೊದಲು ಕುಳಿಗೆ ಗೊತ್ತಾದ ಅಳತೆಯೇ ಇರಲಿಲ್ಲ. ಚೆಂಡು ತೆಗೆಯಲು ಕೈಹಾಕಿ, ಚೆಂಡಿಗೆ ಗುಪ್ಪೆ ಮಾಡಲು ಅದರೊಳಗಿನ ಮರಳನ್ನೇ ಚಿಟಿಕೆ ಚಿಟಿಕೆ ತೆಗೆದು, ಆಟ ಸಾಗಿದಂತೆಲ್ಲ ಅದು ಅಗಲವಾಗುತ್ತಿತ್ತು. 1829ರಲ್ಲಿ ಸ್ಕಾಟ್ಲೆಂಡಿನ ಮಸಲ್‌ಬರೊ ಎಂಬ ಊರಿನಲ್ಲಿ ಕುಳಿ ಕೊರೆಯುವ ಒಂದು ಉಪಕರಣ ಮಾಡಿದರು. ಅದರ ಕೊಳವೆ ಅಷ್ಟು ಅಗಲವಿತ್ತು, ಅಷ್ಟೇ. 1891ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ರಾಯಲ್ ಅಂಡ್ ಏನ್ಶಿಯಂಟ್ ಕ್ಲಬ್ಬು ಆ ಅಳತೆಯನ್ನು ನಿಯಮವಾಗಿಸಿತು. ಲೋಕಕ್ಕೆಲ್ಲ ಅದೇ ಆಯಿತು. ಯಾರದೋ ಕೈಗೆ ಸಿಕ್ಕ ಕೊಳವೆ ನೂರಾರು ವರ್ಷ ಕಾಯ್ದೆಯಾಗಿ ನಿಲ್ಲುವುದು ಹೊಸದೇನಲ್ಲ ಬಿಡಿ. ನಮ್ಮ ಮನೆಗಳ ಎಷ್ಟೋ ಕಟ್ಟಳೆಗಳ ಬುಡ ಕೆದಕಿದರೆ ಇಂಥದೇ ಒಂದು ಕೊಳವೆ ಸಿಕ್ಕೀತು.

ಅದೇ ಮಸಲ್‌ಬರೊದ ಇನ್ನೊಂದು ಸಂಗತಿ ನನಗೆ ಹೆಚ್ಚು ಪ್ರೀತಿಯದು. 1810ರ ಡಿಸೆಂಬರಿನಲ್ಲಿ ಅಲ್ಲಿನ ಕ್ಲಬ್ಬಿನ ಗಂಡಸರು ಊರಿನ ಮೀನು ಮಾರುವ ಹೆಂಗಸರಿಗೆಂದು ಒಂದು ಪಂದ್ಯ ಗೊತ್ತುಮಾಡಿದರು. 1811ರ ಹೊಸವರ್ಷದ ದಿನ ಆಟ. ಬಹುಮಾನ ಒಂದು ಹೊಸ ಮೀನಿನ ಬುಟ್ಟಿ, ಒಂದು ಶಾಲು, ಮೇಲೆ ಎರಡು ರೇಷ್ಮೆ ಕರವಸ್ತ್ರ. ಹೆಂಗಸರ ಗಾಲ್ಫ್ ಪಂದ್ಯದ ಮೊದಲ ದಾಖಲೆ ಇದೇ ಎನ್ನುತ್ತಾರೆ. ಗೆದ್ದರೂ ಬುಟ್ಟಿ ಹೊರುವುದು ತಪ್ಪಲಿಲ್ಲ ನೋಡಿ! ನಮ್ಮ ಮಹಿಳಾ ದಿನಾಚರಣೆಗಳಲ್ಲಿ ಓಟದಲ್ಲಿ ಮೊದಲು ಬಂದವಳಿಗೆ ಕುಕ್ಕರ್ ಕೊಡುವುದು ಇದರ ಮುಂದುವರಿಕೆಯೇ ಇರಬೇಕು.

ಬುಟ್ಟಿ ಹೊರುವ ಹೆಂಗಸು ಹೇಗಾದರೂ ಆಡಿಕೊಳ್ಳಲಿ, ಮರ್ಯಾದಸ್ಥರ ಮನೆಯವಳು ಆಡುವುದು ಬೇರೆ ಮಾತು. 1867ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಅಂಥ ಹೆಂಗಸರದೇ ಒಂದು ಕ್ಲಬ್ಬು ಆಯಿತು. ಕೋಲನ್ನು ಭುಜದ ಮೇಲಕ್ಕೆ ಎತ್ತಿ ಬೀಸುವುದು ಹೆಣ್ಣಿಗೆ ಶೋಭೆಯಲ್ಲ ಎಂಬುದು ಆಗಿನ ಕಾಲದ ಮಾತು. ಆದ್ದರಿಂದ ದೂರದ ಹೊಡೆತ ಅವರಿಗಿಲ್ಲ. ಕುಳಿಯ ಸಮೀಪ ಚೆಂಡನ್ನು ಮೆಲ್ಲಗೆ ತಳ್ಳುವ ‘ಪಟ್ಟಿಂಗ್’ ಮಾತ್ರ. ಅವರು ಆಡುತ್ತಿದ್ದ ಉಬ್ಬುತಗ್ಗಿನ ನೆಲಕ್ಕೆ ಹಿಮಾಲಯ ಎಂದು ಹೆಸರು ಬಿತ್ತು. ಆ ಕ್ಲಬ್ಬೂ ಆ ಹಿಮಾಲಯವೂ ಈಗಲೂ ಇವೆ. ಸುಲಭದ್ದೆಂದು ಹೆಂಗಸರಿಗೆ ಬಿಟ್ಟುಕೊಟ್ಟ ಭಾಗವೇ ಆಟದ ಅತ್ಯಂತ ಕಷ್ಟದ ಭಾಗವೆಂದು ಗಂಡಸರು ಮುಂದೆ ತಾವೇ ಗೋಳಾಡಿದರು. ಆ ಕಥೆಗೆ ಈಗ ಬರುತ್ತೇನೆ.

ಅದಕ್ಕೂ ಮೊದಲು ಮಾರ್ಗರೆಟ್ ಅಬಟ್ ಎಂಬವಳ ಬಗ್ಗೆ ಹೇಳಬೇಕು. ಹುಟ್ಟಿದ್ದು 1878ರಲ್ಲಿ ನಮ್ಮ ಕಲ್ಕತ್ತೆಯಲ್ಲಿ; ಅಮೆರಿಕದವಳು. 1900ರಲ್ಲಿ ಚಿತ್ರಕಲೆ ಕಲಿಯಲು ಪ್ಯಾರಿಸ್‌ನಲ್ಲಿದ್ದಾಗ ಅಲ್ಲೊಂದು ಗಾಲ್ಫ್ ಪಂದ್ಯ ನಡೆಯಿತು. ತಾಯಿ, ಮಗಳು ಇಬ್ಬರೂ ಆಡಿದರು. ಒಂಬತ್ತು ಕುಳಿಗಳನ್ನು 47 ಹೊಡೆತದಲ್ಲಿ ಮುಗಿಸಿ ಮಗಳು ಗೆದ್ದಳು. ಒಂದು ಪಿಂಗಾಣಿ ಬಟ್ಟಲು ಕೊಟ್ಟರು. ಅದು ಒಲಿಂಪಿಕ್ ಪಂದ್ಯವೆಂದು ಅವಳಿಗೆ ಯಾರೂ ಹೇಳಲಿಲ್ಲ. ಒಲಿಂಪಿಕ್ಸ್ ಗೆದ್ದ ಅಮೆರಿಕದ ಮೊದಲ ಹೆಣ್ಣುಮಗಳು ತಾನು ಎಂಬುದು ತಿಳಿಯದೆಯೇ 1955ರಲ್ಲಿ ತೀರಿಕೊಂಡಳು. ಎಷ್ಟೋ ವರ್ಷಗಳ ನಂತರ ಅಮೆರಿಕದ ಪ್ರಾಧ್ಯಾಪಕಿಯೊಬ್ಬರು ಹತ್ತು ವರ್ಷ ಹುಡುಕಾಡಿ ಅವಳ ಮಗನನ್ನು ಪತ್ತೆಹಚ್ಚಿ, ನಿಮ್ಮ ತಾಯಿ ಒಲಿಂಪಿಕ್ ಚಾಂಪಿಯನ್ ಆಗಿದ್ದರು ಎಂದು ತಿಳಿಸಿದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದರೆ ಇದೇ ಅಲ್ಲವೆ? ಹೆಂಗಸರ ಗಾಲ್ಫ್ ಮತ್ತೆ ಒಲಿಂಪಿಕ್ಸ್‌ಗೆ ಬಂದದ್ದು 116 ವರ್ಷಗಳ ಮೇಲೆ, 2016ರಲ್ಲಿ.

ಈಗ ಗಂಡಸರ ಗೋಳು. 1930ರ ದಶಕದಲ್ಲಿ ಜೀನ್ ಸಾರಜೆನ್ ಎಂಬ ಹೆಸರಾಂತ ಆಟಗಾರ, ಕುಳಿ ಎಂಟು ಇಂಚು ಇರಬೇಕು ಎಂದು ವಾದಿಸಿದ. ಯಾರೂ ಕಿವಿಗೊಡಲಿಲ್ಲ. 2011ರಲ್ಲಿ ಜ್ಯಾಕ್ ನಿಕ್ಲಾಸ್ ತನ್ನ ಮೈದಾನದಲ್ಲಿ ಎಂಟು ಇಂಚಿನ ಕುಳಿ ತೋಡಿಸಿ ಒಂದು ದಿನ ಆಡಿಸಿ ನೋಡಿದ. 2014ರ ಏಪ್ರಿಲ್‌ನಲ್ಲಂತೂ ಅಮೆರಿಕದ ಜಾರ್ಜಿಯಾದಲ್ಲಿ 15 ಇಂಚಿನ ಕುಳಿಗಳನ್ನೇ ತೋಡಿ ಪ್ರದರ್ಶನ ಪಂದ್ಯ ಇಟ್ಟರು. ತಂಬಿಗೆಯ ಬಾಯಿ ಹೋಗಿ ಹಿಟ್ಟು ನಾದುವ ಪರಾತ ಬಂತು. ಅಗಲ ಮೂರೂವರೆ ಪಟ್ಟಾದರೆ ಬಾಯಿಯ ವಿಸ್ತಾರ ಹನ್ನೆರಡು ಪಟ್ಟು. ಬೇಕಿದ್ದರೆ ಮನೆಯ ಮಕ್ಕಳಿಂದ ಲೆಕ್ಕ ಮಾಡಿಸಿ. ಇದರ ಹಿಂದೆ ನಿಂತವರು ಗಾಲ್ಫ್ ಸಾಮಾನು ಮಾರುವ ಕಂಪನಿಯವರು. ಹತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಐವತ್ತು ಲಕ್ಷ ಮಂದಿ ಆಟ ಬಿಟ್ಟಿದ್ದರು. ಕುಳಿ ದೊಡ್ಡದಾದರೆ ಹೊಸಬರು, ಮಕ್ಕಳು, ಮುದುಕರು ಬಂದಾರು ಎಂಬ ಆಸೆ.

ಅದೇ 2014ರ ಸೆಪ್ಟೆಂಬರ್ 18ರಂದು ಸೇಂಟ್ ಆಂಡ್ರ್ಯೂಸ್‌ನಲ್ಲಿ ಮತದಾನ ನಡೆಯಿತು. 1754ರಲ್ಲಿ ಹುಟ್ಟಿ, ಕುಳಿಯ ಅಳತೆಯನ್ನು ಲೋಕಕ್ಕೆ ವಿಧಿಸಿದ ಕ್ಲಬ್ಬು, ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕೆ ಬೇಡವೆ ಎಂದು 260 ವರ್ಷದ ಮೇಲೆ ತನ್ನ ಸದಸ್ಯರನ್ನು ಕೇಳಿತು. ಶೇಕಡಾ 85 ಮಂದಿ ಸೇರಿಸಿಕೊಳ್ಳೋಣ ಎಂದರು. ಜನ ಬರುತ್ತಿಲ್ಲವೆಂದು ಕುಳಿಯನ್ನು ಪರಾತದಷ್ಟು ಮಾಡಲು ಹೊರಟ ಕಾಲದಲ್ಲಿ ಆಟದ ಹಿರಿಮನೆಯ ಬಾಗಿಲು ಅರ್ಧ ಲೋಕಕ್ಕೆ ಮುಚ್ಚಿತ್ತು. ಈ ಎರಡು ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದವರು ಎಷ್ಟು ಜನವೋ. ದೊಡ್ಡ ಕುಳಿ ಬಹಳ ದಿನ ಬಾಳಲಿಲ್ಲ. 2020ರ ಕೊರೋನಾದ ನಂತರ, ಬಯಲಲ್ಲಿ ಆಡಬಹುದಾದ ಆಟವೆಂದು ಅಮೆರಿಕದಲ್ಲಿ ಜನ ತಾವಾಗಿಯೇ ಗಾಲ್ಫಿಗೆ ಬಂದರು. ಕುಳಿ ಆಗಲೂ ನಾಲ್ಕೂಕಾಲು ಇಂಚೇ.

ಅಳತೆ ಬದಲಿಸುವುದು ಅವಮಾನವೆಂದು ನಾನು ಹೇಳುತ್ತಿಲ್ಲ. ವಾಲಿಬಾಲ್‌ನಲ್ಲಿ ಗಂಡಸರ ನೆಟ್ 2.43 ಮೀಟರ್ ಎತ್ತರ, ಹೆಂಗಸರದು 2.24. ಗುಂಡು ಎಸೆತದಲ್ಲಿ ಅವರಿಗೆ 7.26 ಕಿಲೋ, ನಮಗೆ 4. ಅದರಿಂದ ಯಾವ ಪದಕದ ಹೊಳಪೂ ಕಡಿಮೆಯಾಗಿಲ್ಲ. ಕಲಿಯುವ ಮಕ್ಕಳಿಗೆ ಪರಾತದಂಥ ಕುಳಿಯೇ ಇರಲಿ, ನನ್ನ ತಕರಾರಿಲ್ಲ. ನೆಟ್ ಇಳಿಸಿದ ಮೇಲೂ ಅಂಕ ಬರೆಯುವವನು ಮೈದಾನದಲ್ಲೇ ಕೂತಿರಬೇಕು, ಅಷ್ಟೇ. ಹುಡುಗಿಯರ ಪಂದ್ಯ ಶುರುವಾದೊಡನೆ ಚಹಾ ಕುಡಿಯಲು ಎದ್ದುಹೋಗುವ ಹಿರಿಯರನ್ನು ತಾಲ್ಲೂಕು ಕ್ರೀಡಾಕೂಟಗಳಲ್ಲಿ ಸಾಕಷ್ಟು ಕಂಡಿದ್ದೇನೆ.

ನಮ್ಮ ರಾಜ್ಯದಲ್ಲಿ ಈ ಆಟ ಹಳೆಯದು. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಮೈಸೂರಿನಲ್ಲೂ ನಮ್ಮ ಈ ಸೀಮೆಯಲ್ಲೂ ಜನ ಅನ್ನವಿಲ್ಲದೆ ಸತ್ತ ಮಹಾ ಬರ ಸುರುವಾದದ್ದೂ ಅದೇ ವರ್ಷ. ಪಾಠ ಮಾಡುವಾಗ ಇವೆರಡನ್ನೂ ಕೂಡಿಯೇ ಹೇಳುತ್ತೇನೆ. ಆ ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಅದಿತಿ ಅಶೋಕ್ ಐದಾರು ವರ್ಷದವಳಿದ್ದಾಗಲೇ ಕೋಲು ಹಿಡಿದು, 18ನೆಯ ವಯಸ್ಸಿಗೆ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದಳು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ನಾಲ್ಕನೆಯವಳಾದಳು. ನಾಲ್ಕು ದಿನದ ಆಟದಲ್ಲಿ ಅವಳದು 269 ಹೊಡೆತ. ಚಿನ್ನ ಗೆದ್ದ ನೆಲ್ಲಿ ಕೊರ್ಡಾಳದು 267, ಬೆಳ್ಳಿ ಕಂಚು ಹಂಚಿಕೊಂಡ ಇಬ್ಬರದು 268. ದೂರ ಹೊಡೆಯುವುದರಲ್ಲಿ ಅದಿತಿ ಹಿಂದೆ. ಕುಳಿಗೆ ತಳ್ಳುವುದರಲ್ಲಿ, ಆ ಹಿಮಾಲಯದ ವಿದ್ಯೆಯಲ್ಲಿ, ಎಲ್ಲರಿಗಿಂತ ಮುಂದೆ. ಕೊನೆಯ ಕುಳಿಯಲ್ಲಿ ಅವಳು ತಳ್ಳಿದ ಚೆಂಡು ಒಳಗೆ ಬೀಳಲಿಲ್ಲ.

ಅಂದು ಶನಿವಾರ, ಶಾಲೆ ಇನ್ನೂ ತೆರೆದಿರಲಿಲ್ಲ. ಓಣಿಯ ಒಬ್ಬ ಹುಡುಗಿ ನಮ್ಮ ಮನೆಯಲ್ಲಿ ಟಿವಿ ನೋಡುತ್ತಿದ್ದಳು. ಆಟದ ತಲೆಬುಡ ಗೊತ್ತಿರಲಿಲ್ಲ, ಆದರೂ ಕಣ್ಣಲ್ಲಿ ನೀರು. “ಅಕ್ಕೋರ, ಆ ತಗ್ಗು ಇನ್ನೊಂದೀಟು ದೊಡ್ಡದಿದ್ರ ಅಕಿಗೆ ಪದಕ ಸಿಗ್ತಿತ್ತಿಲ್ರಿ?” ಎಂದಳು.

“ತಗ್ಗು ದೊಡ್ಡದಾದ್ರ ಎಲ್ಲಾರಿಗೂ ದೊಡ್ಡದಾಗತೈತವ್ವ. ದೂರ ಹೊಡಿಯೋರಿಗೆ ಹತ್ರ ಬಂದ ಮ್ಯಾಲೆ ಚಿಂತಿನ ಇರೂದಿಲ್ಲ. ತಗ್ಗು ಸಣ್ಣದೈತಿ ಅಂತನ ಇಕಿ ಅವರ ಸರಿಸಮ ನಿಂತಾಳ.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಟಿವಿಯಲ್ಲಿ ಅದಿತಿ ಮೈದಾನದಿಂದ ಹೊರಗೆ ನಡೆಯುತ್ತಿದ್ದಳು.

“ಅಕಿ ಚೀಲ ಹೊತ್ಗೊಂಡು ಹೊಂಟಾರಲ್ರಿ, ಅವರ್ಯಾರ್ರಿ?”

“ಅವರವ್ವ.”